ಬಾಯಿ ಕಟ್ಟುವ ಕಾಗದಗಳು

ಮಂಡ್ಯದಲ್ಲಿ ರೈತ ಕಾರ್ಯಕರ್ತರು, ಕಾನೂನು ವಿದ್ಯಾರ್ಥಿಗಳು ಮತ್ತು ಶಿಕ್ಷಕರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ

ಎಲ್ಲರಿಗೂ ನಮಸ್ಕಾರ.

ಮಂಡ್ಯದಲ್ಲಿ ನಿಂತು ಈ ವಿಷಯ ಮಾತಾಡುವವರು ಶಿವಪುರದಿಂದ ಶುರು ಮಾಡದೆ ಹೋದರೆ ನೀವೇ ಬಿಡುವುದಿಲ್ಲ. 1938ರ ಏಪ್ರಿಲ್‌ನಲ್ಲಿ ಮದ್ದೂರಿನ ಪಕ್ಕದ ಶಿವಪುರದಲ್ಲಿ ಮೈಸೂರು ಕಾಂಗ್ರೆಸ್ಸಿನ ಅಧಿವೇಶನ ಸೇರಿತು. ಧ್ವಜ ಹಾರಿಸಕೂಡದೆಂದು ನಿಷೇಧಾಜ್ಞೆ ಬಂತು. ಟಿ. ಸಿದ್ಧಲಿಂಗಯ್ಯನವರ ಅಧ್ಯಕ್ಷತೆಯಲ್ಲಿ ಸೇರಿದ್ದ ಜನ ಅದನ್ನು ಮೀರಿದರು, ಮುಖಂಡರ ಬಂಧನವಾಯಿತು. ಅದೇ ತಿಂಗಳ 25ರಂದು ವಿದುರಾಶ್ವತ್ಥದಲ್ಲಿ ಅದೇ ಧ್ವಜದ ವಿಚಾರಕ್ಕೆ ಗುಂಡು ಹಾರಿತು. ಸತ್ತವರ ಲೆಕ್ಕ ಸರ್ಕಾರದ್ದೊಂದು, ಜನರದ್ದೊಂದು. ಆಮೇಲೆ ದಿವಾನ್ ಮಿರ್ಜಾ ಇಸ್ಮಾಯಿಲ್ ಮತ್ತು ವಲ್ಲಭಭಾಯಿ ಪಟೇಲರ ನಡುವೆ ಒಪ್ಪಂದವಾಗಿ, ಸಂಸ್ಥಾನದ ಧ್ವಜದ ಜೊತೆಗೆ ಕಾಂಗ್ರೆಸ್ ಧ್ವಜವನ್ನೂ ಹಾರಿಸಬಹುದು ಎಂದಾಯಿತು. ಏಪ್ರಿಲ್‌ನಲ್ಲಿ ಅಪರಾಧವಾಗಿದ್ದದ್ದು ಬೇಸಿಗೆ ಕಳೆಯುವಷ್ಟರಲ್ಲಿ ಮಾಮೂಲಾಯಿತು.

ಈ ಕತೆಯಲ್ಲಿ ನಾವು ಸಾಮಾನ್ಯವಾಗಿ ಧ್ವಜ ನೋಡುತ್ತೇವೆ. ಇವತ್ತು ಕಾಗದ ನೋಡೋಣ. ಶಿವಪುರದಲ್ಲಿ ಒಂದು ಆಜ್ಞೆಯಿತ್ತು, ಅದನ್ನು ಹೊರಡಿಸಿದವರಿದ್ದರು, ಮೀರುವುದು ಏನನ್ನು ಎಂದು ಮೀರುವವರಿಗೆ ಗೊತ್ತಿತ್ತು. ಈಗ ಪ್ರತಿರೋಧದ ಬಾಯಿ ಕಟ್ಟುವ ಕೆಲಸ ಬಹುಮಟ್ಟಿಗೆ ಎರಡು ದಾರಿಯಲ್ಲಿ ನಡೆಯುತ್ತದೆ. ಒಂದು, ಕಾಗದವನ್ನೇ ಕೊಡದೆ. ಇನ್ನೊಂದು, ಒಂದು ಕಾಗದದ ಮೇಲೆ ಇನ್ನೊಂದು ಹೊರಿಸಿ, ಹೊತ್ತವನು ಕುಸಿಯುವವರೆಗೆ. ಎರಡಕ್ಕೂ ಊರಿನ ಜನ ಕೈಜೋಡಿಸಿದಾಗ ಮಾತ್ರ ಪೂರ್ತಿ ಬಲ ಬರುತ್ತದೆ.

ಹಳೇ ಮೈಸೂರಿಗೆ ಇದು ಹೊಸದೂ ಅಲ್ಲ. 1908ರಲ್ಲಿ ಸಂಸ್ಥಾನ ಒಂದು ಪತ್ರಿಕಾ ಕಾಯಿದೆ ತಂದಿತು. ಸರ್ಕಾರದ ಅನುಮತಿಯಿಲ್ಲದೆ ಪತ್ರಿಕೆ ನಡೆಸುವಂತಿಲ್ಲ, ಕೊಟ್ಟ ಅನುಮತಿಯನ್ನು ಸರ್ಕಾರ ವಾಪಸ್ ಪಡೆಯಬಹುದು. ತಾತಯ್ಯ ಎಂದು ಮೈಸೂರು ಕರೆಯುತ್ತಿದ್ದ ಎಂ. ವೆಂಕಟಕೃಷ್ಣಯ್ಯನವರು ಪ್ರತಿಭಟಿಸಿ ತಮ್ಮ ಪತ್ರಿಕೆಗಳನ್ನು ತಾವೇ ನಿಲ್ಲಿಸಿದರು. ಯಾರ ಮೇಲೂ ಮೊಕದ್ದಮೆ ಹೂಡಬೇಕಾಗಲಿಲ್ಲ, ಯಾರನ್ನೂ ಜೈಲಿಗೆ ಹಾಕಬೇಕಾಗಲಿಲ್ಲ. ಲೈಸೆನ್ಸ್ ಎಂಬ ಪದವೇ ಕೆಲಸ ಮುಗಿಸಿತು.

ಈಗ ನಿಷೇಧಾಜ್ಞೆಗೆ ಬರೋಣ. ಕಾವೇರಿ ಗಲಾಟೆ ಬಂದಾಗಲೆಲ್ಲ ಈ ಜಿಲ್ಲೆ ಕಂಡಿರುವ ಕಾಗದ. ಜನ ಇವತ್ತಿಗೂ ‘144 ಹಾಕವ್ರೆ’ ಅನ್ನುತ್ತಾರೆ. 2024ರ ಜುಲೈ 1ರಿಂದ ಅದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 163ನೇ ಕಲಂ. ನಂಬರು ಬದಲಾಗಿದೆ, ಒಳಗಿನ ಮಾತು ಹೆಚ್ಚುಕಡಿಮೆ ಅದೇ. ಮಂಡ್ಯದಲ್ಲಿ ಇದನ್ನು ಹೊರಡಿಸುವವರು ಜಿಲ್ಲಾಧಿಕಾರಿ ಅಥವಾ ಎ.ಸಿ. (ಉಪವಿಭಾಗಾಧಿಕಾರಿ), ಅಧಿಕಾರ ಕೊಟ್ಟಿದ್ದರೆ ತಹಸೀಲ್ದಾರ್. ಮೈಸೂರು ನಗರದಲ್ಲಾದರೆ ಪೊಲೀಸ್ ಕಮಿಷನರ್. ವ್ಯತ್ಯಾಸ ಸಣ್ಣದಲ್ಲ. ಮಂಡ್ಯದಲ್ಲಿ ಕೇಳುವವರು ಪೊಲೀಸರು, ಕೊಡುವವರು ಕಂದಾಯ ಇಲಾಖೆಯವರು. ನಡುವೆ ಒಂದು ಮೇಜಾದರೂ ಇದೆ. ನಗರದಲ್ಲಿ ಕೇಳುವವರೂ ಕೊಡುವವರೂ ಒಂದೇ ಇಲಾಖೆ.

ಆಜ್ಞೆ ಕೈಗೆ ಬಂದರೆ ಓದುವ ಕ್ರಮ ಹೀಗಿರಲಿ. ಮೊದಲು ಅವಧಿ: ಯಾವ ದಿನ, ಯಾವ ಹೊತ್ತಿನಿಂದ ಎಲ್ಲಿಯವರೆಗೆ. ಮ್ಯಾಜಿಸ್ಟ್ರೇಟರ ಆಜ್ಞೆ ಎರಡು ತಿಂಗಳು ಮೀರುವಂತಿಲ್ಲ. ಅದರಾಚೆಗೆ ವಿಸ್ತರಿಸಬೇಕಾದರೆ ರಾಜ್ಯ ಸರ್ಕಾರವೇ ಆದೇಶಿಸಬೇಕು, ಅದೂ ಹೆಚ್ಚೆಂದರೆ ಇನ್ನು ಆರು ತಿಂಗಳು. ಎರಡನೆಯದು ಜಾಗ: ಇಡೀ ತಾಲ್ಲೂಕೋ, ಅಣೆಕಟ್ಟೆಯ ಸುತ್ತಲೋ, ಒಂದು ವೃತ್ತವೋ. ಮೂರನೆಯದು, ನಿಜಕ್ಕೂ ಮುಖ್ಯವಾದದ್ದು, ಕಾರಣ. ಕಲಂ ಹೇಳುವುದು ‘ಪ್ರಕರಣದ ಮುಖ್ಯ ಸಂಗತಿಗಳನ್ನು’ ಬರೆಯಬೇಕು ಅಂತ. ‘ಅಹಿತಕರ ಘಟನೆ ನಡೆಯುವ ಸಂಭವವಿರುವುದರಿಂದ, ಮುನ್ನೆಚ್ಚರಿಕೆಯ ದೃಷ್ಟಿಯಿಂದ’ ಎಂಬ ಒಂದೇ ಸಾಲು ಸಂಗತಿಯಲ್ಲ, ಅಚ್ಚು. ಅದೇ ಸಾಲು ಹೋಳಿ ಹುಣ್ಣಿಮೆಗೂ, ಪರೀಕ್ಷಾ ಕೇಂದ್ರಕ್ಕೂ, ರೈತರ ಧರಣಿಗೂ ಬಂದಿರುತ್ತದೆ. ಹಿಂದಿನ ಆಜ್ಞೆಯೊಂದನ್ನು ಪಕ್ಕದಲ್ಲಿಟ್ಟು ಓದಿ. ತಾರೀಖು ಬಿಟ್ಟು ಮಿಕ್ಕೆಲ್ಲ ಅದೇ ಆಗಿದ್ದರೆ ಅದೇ ನಿಮ್ಮ ಮೊದಲ ವಾದ.

2020ರ ಜನವರಿ 10ರಂದು ಅನುರಾಧಾ ಭಾಸಿನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಬಿಡಿಸಿ ಹೇಳಿತು: ಇಂಥ ಆಜ್ಞೆಗಳನ್ನು ಪ್ರಕಟಿಸಬೇಕು, ಕಾರಣ ಬರೆಯಬೇಕು, ನ್ಯಾಯಸಮ್ಮತವಾದ ಅಭಿಪ್ರಾಯ ಮತ್ತು ಅಹವಾಲು ಹತ್ತಿಕ್ಕಲು ಈ ಅಧಿಕಾರ ಬಳಸುವಂತಿಲ್ಲ, ಒಂದರ ಹಿಂದೊಂದು ಆಜ್ಞೆ ಹೊರಡಿಸುತ್ತ ಹೋಗುವುದು ಅಧಿಕಾರದ ದುರ್ಬಳಕೆ. ಮರುತಿಂಗಳೇ, ಫೆಬ್ರವರಿ 13ರಂದು, 2019ರ ಡಿಸೆಂಬರ್ 18ರ ಬೆಂಗಳೂರು ನಗರದ ನಿಷೇಧಾಜ್ಞೆ ಕಾನೂನುಬಾಹಿರ ಎಂದು ಕರ್ನಾಟಕ ಹೈಕೋರ್ಟ್ ತೀರ್ಪು ಕೊಟ್ಟಿತು. ಕೆಳಗಿನ ಅಧಿಕಾರಿಗಳು ಬರೆದ ಪತ್ರಗಳ ಮೇಲೆ ಒರಗಿದ್ದರೇ ಹೊರತು, ಆಜ್ಞೆ ಹೊರಡಿಸಿದವರು ತಾವೇ ವಿಚಾರ ಮಾಡಿ ತಮ್ಮ ಅಭಿಪ್ರಾಯಕ್ಕೆ ಕಾರಣ ಬರೆದಿರಲಿಲ್ಲ. ತೀರ್ಪು ಸರಿಯಾಗಿಯೇ ಬಂತು, ಎಂಟು ವಾರ ತಡವಾಗಿ. ಆ ಆಜ್ಞೆಯ ಆಯಸ್ಸು ಮೂರೇ ದಿನ. ಕೋರ್ಟಿನಲ್ಲಿ ಗೆದ್ದವರು ಬೀದಿಯಲ್ಲಿ ಆಗಲೇ ಸೋತಿದ್ದರು. ಈ ಲೆಕ್ಕ ಆಜ್ಞೆ ಬರೆಯುವವರಿಗೆ ಚೆನ್ನಾಗಿ ಗೊತ್ತು.

ಹಾಗಾಗಿ ಹೈಕೋರ್ಟಿಗೆ ಓಡುವ ಮೊದಲು ಅದೇ ಕಲಂನಲ್ಲಿರುವ ಇನ್ನೊಂದು ಬಾಗಿಲು ತಟ್ಟಬೇಕು. ಬಹಳ ಜನ ಅದನ್ನು ತಟ್ಟುವುದೇ ಇಲ್ಲ. ಆಜ್ಞೆಯಿಂದ ಬಾಧಿತರಾದವರು ಯಾರೇ ಆಗಲಿ, ರದ್ದು ಮಾಡಿ ಅಥವಾ ತಿದ್ದಿ ಎಂದು ಆ ಮ್ಯಾಜಿಸ್ಟ್ರೇಟರಿಗೇ ಅರ್ಜಿ ಕೊಡಬಹುದು. ಕೊಟ್ಟರೆ ಖುದ್ದಾಗಿಯೋ ವಕೀಲರ ಮೂಲಕವೋ ಬೇಗನೆ ಕೇಳಿಸಿಕೊಳ್ಳಲೇಬೇಕು. ತಿರಸ್ಕರಿಸಿದರೆ ಕಾರಣವನ್ನು ಬರೆದು ಕೊಡಲೇಬೇಕು. ಬಹುತೇಕ ಅರ್ಜಿ ಬಿದ್ದುಹೋಗುತ್ತದೆ, ನಿಜ. ಆದರೆ ಹೈಕೋರ್ಟಿಗೆ ಬೇಕಾದ ಕಾಗದ ಹುಟ್ಟುವುದು ಅಲ್ಲೇ.

ಆಜ್ಞೆ ಮೀರಿದರು ಎಂದು ಕೇಸು ಹಾಕುವಾಗಲೂ ಪೊಲೀಸರು ಮತ್ತೆ ಮತ್ತೆ ಎಡವುವ ಒಂದು ಜಾಗವಿದೆ. ಹಳೆಯ ದಂಡ ಸಂಹಿತೆಯ 188, ಈಗಿನ ಭಾರತೀಯ ನ್ಯಾಯ ಸಂಹಿತೆಯ 223. ಈ ಅಪರಾಧವನ್ನು ನ್ಯಾಯಾಲಯ ವಿಚಾರಣೆಗೆ ಎತ್ತಿಕೊಳ್ಳಬೇಕಾದರೆ ಆಜ್ಞೆ ಹೊರಡಿಸಿದ ಅಧಿಕಾರಿಯೋ ಅವರ ಮೇಲಧಿಕಾರಿಯೋ ಲಿಖಿತ ದೂರು ಕೊಡಬೇಕು. ಠಾಣೆಯ ಎಫ್‌ಐಆರ್, ಅದರ ಮೇಲೆ ಚಾರ್ಜ್‌ಶೀಟ್, ಇಷ್ಟರಿಂದ ಅದು ನಿಲ್ಲುವುದಿಲ್ಲ. ಹೈಕೋರ್ಟುಗಳು ಇದೇ ಕಾರಣಕ್ಕೆ ಇಂಥ ಕೇಸುಗಳನ್ನು ರದ್ದು ಮಾಡುತ್ತ ಬಂದಿವೆ. ಜೊತೆಗೆ ಆಜ್ಞೆ ಮೀರಿದ್ದಷ್ಟೇ ಸಾಲದು. ಅದರಿಂದ ಅಡ್ಡಿ, ತೊಂದರೆ, ಅಪಾಯ ಆಗಿರಬೇಕು, ಇಲ್ಲವೇ ಆಗುವಂತಿರಬೇಕು.

ಇನ್ನು ಕಾಗದವೇ ಇಲ್ಲದ ದಾರಿ. ಮೆರವಣಿಗೆಗೆ ವಾರದ ಹಿಂದೆ ಅರ್ಜಿ ಕೊಟ್ಟಿರುತ್ತೀರಿ. ಏಳು ದಿನ ಸದ್ದಿಲ್ಲ. ಹಿಂದಿನ ದಿನ ಸಂಜೆ ಏಳಕ್ಕೆ ಫೋನು: “ಅಣ್ಣ, ನಾಳೆ ಒಂದಿನ ಬ್ಯಾಡ ಬುಡಿ. ಮ್ಯಾಲಿಂದ ಹೇಳವ್ರೆ. ಇನ್ನೊಂದಿನ ಮಾಡೀರಂತೆ.” ಮಾತಿನಲ್ಲಿ ಗದರಿಕೆಯಿಲ್ಲ, ಸ್ನೇಹವೇ ಇದೆ. ಆದರೆ ನಾಳೆ ಬೆಳಿಗ್ಗೆ ನೀವು ಹೋದರೆ ‘ಅನುಮತಿಯಿಲ್ಲದೆ’ ಸೇರಿದವರು. ಹೋಗದಿದ್ದರೆ ಯಾರೂ ನಿಮ್ಮನ್ನು ತಡೆದೇ ಇಲ್ಲ. ಈ ಫೋನನ್ನು ಯಾವ ಕೋರ್ಟಿನಲ್ಲಿ ಪ್ರಶ್ನಿಸುತ್ತೀರಿ? ಶನಿವಾರ ಸಂಜೆ ಬಂದರಂತೂ ಮುಗಿಯಿತು. ಭಾನುವಾರದ ಸಭೆಗೆ ಸೋಮವಾರದ ಕೋರ್ಟು.

ಇದಕ್ಕೆ ಇರುವ ಮದ್ದು ಬೇಸರ ತರಿಸುವಷ್ಟು ಸಣ್ಣದು: ಹಿಂಬರಹ, ಅಂದರೆ ಅರ್ಜಿಗೆ ಅಧಿಕಾರಿ ಕೊಡುವ ಲಿಖಿತ ಉತ್ತರ. ಅರ್ಜಿ ಎರಡು ಪ್ರತಿ ಮಾಡಿ. ತಲೆಬರಹಕ್ಕೆ ‘ಅನುಮತಿ ಕೋರಿ’ ಎನ್ನುವ ಬದಲು ‘ಮಾಹಿತಿ ಹಾಗೂ ಬಂದೋಬಸ್ತ್ ಕೋರಿ’ ಎಂದು ಬರೆಯಿರಿ. ಶಾಂತಿಯುತವಾಗಿ, ಆಯುಧವಿಲ್ಲದೆ ಸೇರುವ ಹಕ್ಕು ಸಂವಿಧಾನದ 19ನೇ ವಿಧಿಯಿಂದ ಬಂದದ್ದು, ಠಾಣೆಯಿಂದಲ್ಲ. ಹಿಮತ್ ಲಾಲ್ ಶಾ ಪ್ರಕರಣದಲ್ಲಿ 1972ರಲ್ಲೇ ಸುಪ್ರೀಂ ಕೋರ್ಟ್ ಹೇಳಿದ್ದಿದೆ: ಬೀದಿಯ ಸಭೆಗಳನ್ನು ಸರ್ಕಾರ ಕ್ರಮಗೊಳಿಸಬಹುದು, ಒಟ್ಟಾರೆ ಇಲ್ಲವೆನ್ನುವಂತಿಲ್ಲ. ಅರ್ಜಿಯೊಳಗೆ ದಿನ, ಸೇರುವ ಮತ್ತು ಚದುರುವ ಹೊತ್ತು, ದಾರಿ, ಅಂದಾಜು ಜನ, ವಾಹನ, ಸ್ವಯಂಸೇವಕರ ಹೆಸರು ಮತ್ತು ಫೋನ್, ಇಷ್ಟಿರಲಿ. ದಾರಿಯನ್ನು ‘ನಗರದ ಪ್ರಮುಖ ಬೀದಿಗಳಲ್ಲಿ’ ಎಂದು ತೇಲಿಸಬೇಡಿ. ಸಂಜಯ ವೃತ್ತದಿಂದ ಹೊರಟು ಎಲ್ಲಿ ತಿರುಗಿ ಎಲ್ಲಿ ಮುಗಿಯುತ್ತದೆ ಅನ್ನುವುದನ್ನು ಬರೆಯಿರಿ. ಮೈಕಿಗೆ ಬೇರೆಯೇ ಅರ್ಜಿ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ಇಲ್ಲ. ಆಸ್ಪತ್ರೆ, ಶಾಲೆ, ಕೋರ್ಟಿನ ಸುತ್ತ ನಿಶ್ಶಬ್ದ ವಲಯವೆಂದು ಗುರುತಿಸಿದ 100 ಮೀಟರಿನೊಳಗೆ ಬೇಡ. ಈ ಸಣ್ಣ ನಿಯಮ ತಪ್ಪಿದರೆ, ದೊಡ್ಡ ಹಕ್ಕಿನ ವಾದವನ್ನು ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ.

ಒಂದು ಪ್ರತಿಯ ಮೇಲೆ ಠಾಣೆಯ ಮೊಹರು, ತಾರೀಖು, ಹೊತ್ತು, ಸಹಿ ಹಾಕಿಸಿ. ‘ನಿರಾಕರಿಸುವುದಾದರೆ ಸಭೆಗೆ 48 ಗಂಟೆ ಮೊದಲು ಕಾರಣಸಹಿತ ಹಿಂಬರಹ ನೀಡಬೇಕು’ ಎಂದು ಅರ್ಜಿಯ ಕೊನೆಯಲ್ಲೇ ಬರೆದಿಡಿ. ಆ ಸಂಜೆ ಫೋನು ಬಂತು ಅಂದುಕೊಳ್ಳಿ, ಜಗಳವಾಡಬೇಡಿ. ಹತ್ತು ನಿಮಿಷದೊಳಗೆ ಎಸ್‌ಪಿ ಕಚೇರಿಯ ಇ-ಮೇಲಿಗೆ ನಾಲ್ಕು ಸಾಲು ಕಳಿಸಿ: ಇಷ್ಟು ಗಂಟೆಗೆ, ಈ ನಂಬರಿನಿಂದ, ಹೀಗೆ ಹೇಳಿದರು, ಲಿಖಿತ ಕಾರಣ ಕೋರುತ್ತೇವೆ. ಫೋನು ಕಾಗದವಾಗುವುದು ಹೀಗೆ.

ಬೆಂಗಳೂರಿನ ಸ್ಥಿತಿ ನಿಮಗೆ ಗೊತ್ತು. 2021ರ ಆದೇಶದ ಪ್ರಕಾರ ಅಲ್ಲಿ ಪ್ರತಿಭಟನೆಗೆ ಜಾಗ ಒಂದೇ, ಫ್ರೀಡಂ ಪಾರ್ಕ್. ಸರ್ಕಾರ ಬದಲಾದ ಮೇಲೂ ಆ ಆದೇಶ ಉಳಿದುಕೊಂಡಿತು. ವಿರೋಧ ಪಕ್ಷದಲ್ಲಿದ್ದಾಗ ಬೀದಿ ಬೇಕು, ಅಧಿಕಾರಕ್ಕೆ ಬಂದಾಗ ಬೇಲಿ ಬೇಕು. ಆ ಪಾರ್ಕು ಹಿಂದೆ ಏನಾಗಿತ್ತು? ಕೇಂದ್ರ ಕಾರಾಗೃಹ. ತುರ್ತುಪರಿಸ್ಥಿತಿಯಲ್ಲಿ ವಾಜಪೇಯಿ, ಅಡ್ವಾಣಿ, ಮಧು ದಂಡವತೆ ಅವರನ್ನೆಲ್ಲ ಕೂಡಿಹಾಕಿದ್ದು ಅದೇ ಗೋಡೆಗಳೊಳಗೆ. ನಟಿ, ಹೋರಾಟಗಾರ್ತಿ ಸ್ನೇಹಲತಾ ರೆಡ್ಡಿ ಅಲ್ಲೇ ಕಾಯಿಲೆಬಿದ್ದು, ಬಿಡುಗಡೆಯಾದ ಸ್ವಲ್ಪ ದಿನಕ್ಕೆ, 1977ರ ಜನವರಿಯಲ್ಲಿ ತೀರಿಕೊಂಡರು. ಸರ್ಕಾರವನ್ನು ಟೀಕಿಸುವವರು ನಿಲ್ಲಬಹುದಾದ ಜಾಗ ಅಂದೂ ಇಂದೂ ಅದೇ ಕಾಂಪೌಂಡು.

ಮುಂಜಾಗ್ರತಾ ಬಂಧನದ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು, ಯಾಕೆಂದರೆ ಇಲ್ಲಿ ಜನ ಹೆದರುವುದಕ್ಕಿಂತ ಹೆಚ್ಚಾಗಿ ಉದಾಸೀನ ಮಾಡುತ್ತಾರೆ. ಮುಖ್ಯಮಂತ್ರಿ ಬರುವ ದಿನ ಬೆಳಿಗ್ಗೆ ಮುಖಂಡರನ್ನು ಬಸ್ಸಿಗೆ ಹತ್ತಿಸಿ, ಡಿಎಆರ್ (ಜಿಲ್ಲಾ ಸಶಸ್ತ್ರ ಮೀಸಲು ಪಡೆ) ಮೈದಾನಕ್ಕೋ ಕಲ್ಯಾಣ ಮಂಟಪಕ್ಕೋ ಕರೆದೊಯ್ದು, ಮಧ್ಯಾಹ್ನ ಊಟ ಹಾಕಿಸಿ, ಸಂಜೆ ಬಿಟ್ಟುಬಿಡುತ್ತಾರೆ. ಊಟ ಚೆನ್ನಾಗಿತ್ತು ಅಂತ ನಗುತ್ತ ಬರುತ್ತೇವೆ. ಆದರೆ ಸುರಕ್ಷಾ ಸಂಹಿತೆಯ 170ನೇ ಕಲಂ, ಹಳೆಯ 151, ಹೇಳುವುದೇ ಬೇರೆ: ಈ ವ್ಯಕ್ತಿ ಸಂಜ್ಞೇಯ ಅಪರಾಧವೊಂದನ್ನು, ಅಂದರೆ ಪೊಲೀಸರು ವಾರಂಟ್ ಇಲ್ಲದೆ ಬಂಧಿಸಬಹುದಾದಂಥದ್ದನ್ನು, ಮಾಡಲು ಹೊಂಚು ಹಾಕಿದ್ದಾನೆ ಎಂದು ಅಧಿಕಾರಿಗೆ ಗೊತ್ತಿರಬೇಕು, ಹಿಡಿಯದ ಹೊರತು ಅದನ್ನು ತಡೆಯಲು ಬೇರೆ ದಾರಿ ಇರಬಾರದು. ಕಪ್ಪು ಬಾವುಟ ತೋರಿಸುವುದು ಅಂಥ ಅಪರಾಧವಲ್ಲ. ಮಿತಿ 24 ಗಂಟೆ. ಠಾಣೆಯ ಡೈರಿಯಲ್ಲಿ ನಿಮ್ಮ ಹೆಸರು ದಾಖಲಾಗದೆ ಹೋದರೆ ಕಾಗದದ ಲೆಕ್ಕದಲ್ಲಿ ನೀವು ಆ ದಿನ ನಿಮ್ಮ ಮನೆಯಲ್ಲೇ ಇದ್ದಿರಿ. ಆದ್ದರಿಂದ ಬಸ್ಸು ಹತ್ತುವಾಗಲೇ ಹೊತ್ತು, ಜಾಗ, ವಾಹನದ ನಂಬರು, ಕರೆದೊಯ್ದವರ ಎದೆಪಟ್ಟಿಯ ಹೆಸರು ಬರೆದು ಮನೆಯವರಿಗೆ ಕಳಿಸಿ. ಬಂಧನದ ಮೆಮೊ ಕೇಳಿ. ಅದಕ್ಕೆ ಸಾಕ್ಷಿ ಸಹಿ, ನಿಮ್ಮ ಸಹಿ ಎರಡೂ ಬೇಕು. ನೀವು ಹೇಳಿದ ಒಬ್ಬರಿಗೆ ವಿಷಯ ತಿಳಿಸುವುದು ಪೊಲೀಸರ ಕರ್ತವ್ಯ.

ಆಮೇಲೆ ಬರುವುದು ‘107’, ಈಗಿನ 126. ಮುಚ್ಚಳಿಕೆ ಕೇಸು, ಅಂದರೆ ಶಾಂತಿ ಕದಡುವುದಿಲ್ಲ ಎಂದು ಬರೆಸಿಕೊಳ್ಳುವ ಕೇಸು. ಇದು ಶಿಕ್ಷೆಯಲ್ಲ ಎಂದು ಕಾನೂನು ಹೇಳುತ್ತದೆ. ತಿಂಗಳಿಗೆರಡು ಸಲ ತಾಲ್ಲೂಕು ಕಚೇರಿಯ ಕಾರಿಡಾರಿನಲ್ಲಿ ನಿಂತು, ಜಾಮೀನುದಾರನಿಗೆ ಬಸ್ ಚಾರ್ಜು, ಕೂಲಿ ಕಟ್ಟಿಕೊಟ್ಟವರನ್ನು ಕೇಳಿ ನೋಡಿ. ಕೊಟ್ಟ ನೋಟಿಸಿನಲ್ಲಿ ನಾಲ್ಕು ವಿಷಯ ಇರಲೇಬೇಕು: ಬಂದ ಮಾಹಿತಿಯ ಸಾರಾಂಶ, ಮುಚ್ಚಳಿಕೆಯ ಮೊತ್ತ, ಎಷ್ಟು ಕಾಲಕ್ಕೆ, ಎಷ್ಟು ಜನ ಜಾಮೀನುದಾರರು. ಅವಧಿ ಒಂದು ವರ್ಷ ಮೀರಬಾರದು. ಮೊತ್ತ ಮನುಷ್ಯನ ಸ್ಥಿತಿಗೆ ತಕ್ಕಂತಿರಬೇಕು, ಅತಿಯಾಗಬಾರದು ಎಂದು ಕಾಯಿದೆಯೇ ಹೇಳಿದೆ. ಎರಡೆಕರೆ ಗದ್ದೆಯವನಿಗೆ ಲಕ್ಷಗಟ್ಟಲೆ ಹೇಳಿದರೆ ಅದೇ ಮೇಲ್ಮನವಿಗೆ ಆಧಾರ. ವಿಚಾರಣೆ ಶುರು ಮಾಡದೆ ಮಧ್ಯಂತರ ಮುಚ್ಚಳಿಕೆ ಕೇಳುವಂತಿಲ್ಲ. 1970ರಲ್ಲಿ ಮಧು ಲಿಮಯೆ ಪ್ರಕರಣದಲ್ಲಿ ತೀರ್ಮಾನವಾದ ಮಾತಿದು. ಆರು ತಿಂಗಳಲ್ಲಿ ವಿಚಾರಣೆ ಮುಗಿಯದಿದ್ದರೆ, ವಿಶೇಷ ಕಾರಣ ಬರೆದು ಮುಂದುವರಿಸದ ಹೊರತು, ಅದು ಸತ್ತಂತೆ. ಸತ್ತದ್ದನ್ನು ಯಾರೂ ಹೇಳುವುದಿಲ್ಲ, ಹಾಜರಿ ನಡೆಯುತ್ತಲೇ ಇರುತ್ತದೆ. ತಾರೀಖು ಎಣಿಸಬೇಕಾದವರು ನಾವು.

ಹೆದ್ದಾರಿ ತಡೆಯ ಎಫ್‌ಐಆರ್ ಒಂದನ್ನು ತೆಗೆದು ನೋಡಿದರೆ ಕಲಂಗಳ ಪಟ್ಟಿಗಿಂತ ಹೆಚ್ಚು ಕೆಲಸ ಮಾಡುವುದು ಆರೋಪಿಗಳ ಪಟ್ಟಿಯ ಕೊನೆಯ ಸಾಲು: ‘ಹಾಗೂ ಇತರೆ 200 ಮಂದಿ’. ಮೊದಲ ಹತ್ತು ಹೆಸರು ಎಲ್ಲರಿಗೂ ಗೊತ್ತಿರುವ ಮುಖಂಡರದು, ಅವರು ಹೆದರುವವರಲ್ಲ. ಹೆದರಿಕೆ ಹುಟ್ಟಿಸುವುದು ಆ ‘ಇತರೆ’. ವೀಡಿಯೊ ನೋಡಿ ಯಾವ ಹೆಸರನ್ನು ಯಾವಾಗ ಬೇಕಾದರೂ ಅಲ್ಲಿಗೆ ಸೇರಿಸಬಹುದು. ಮಗನಿಗೆ ಪಾಸ್‌ಪೋರ್ಟ್ ಬೇಕಾದವನು, ಪೊಲೀಸ್ ವೆರಿಫಿಕೇಷನ್ ಕಾಯುತ್ತಿರುವ ಹುಡುಗಿ ಮುಂದಿನ ಸಲ ಮನೆಯಲ್ಲೇ ಉಳಿಯುತ್ತಾರೆ. ಕ್ರಿಮಿನಲ್ ಕೇಸು ಬಾಕಿಯಿದ್ದರೆ ಪಾಸ್‌ಪೋರ್ಟ್ ನಿರಾಕರಿಸಬಹುದು, ನಿಜ. ಆದರೆ ಕೇಸು ನಡೆಯುತ್ತಿರುವ ಕೋರ್ಟಿನಿಂದ ವಿದೇಶಕ್ಕೆ ಹೋಗಲು ಅನುಮತಿ ಪಡೆದು, ಅದರ ಮೇಲೆ ಸೀಮಿತ ಅವಧಿಯ ಪಾಸ್‌ಪೋರ್ಟ್ ಪಡೆಯುವ ದಾರಿ 1993ರಿಂದಲೂ ಇದೆ.

ಇನ್ನು ‘ಸರ್ಕಾರ ಕೇಸು ವಾಪಸ್ ತೆಗೆದುಕೊಂಡಿದೆ’ ಎಂಬ ಸುದ್ದಿಯನ್ನು ನಂಬಿ ಕೋರ್ಟಿಗೆ ಹೋಗುವುದನ್ನು ಬಿಟ್ಟವರ ಮನೆಗೆ ವಾರಂಟ್ ಬರುತ್ತದೆ. ಸಚಿವ ಸಂಪುಟ ತೀರ್ಮಾನಿಸಿದರೆ ಕೇಸು ಹೋಗುವುದಿಲ್ಲ. ಸರ್ಕಾರಿ ಅಭಿಯೋಜಕರು ತಾವೇ ಯೋಚಿಸಿ ಅರ್ಜಿ ಹಾಕಬೇಕು, ನ್ಯಾಯಾಧೀಶರು ಒಪ್ಪಬೇಕು. ಆ ಆದೇಶದ ದೃಢೀಕೃತ ನಕಲು ಕೈಗೆ ಬರುವವರೆಗೆ ಪ್ರತಿ ತಾರೀಖಿಗೂ ಹಾಜರಾಗಿ.

ದೇಶದ್ರೋಹದ ಕಲಂಗೆ ಒಂದು ಮೈಸೂರಿನ ಎಳೆಯಿದೆ. 1870ರಲ್ಲಿ ದಂಡ ಸಂಹಿತೆಗೆ ಸೇರಿದ 124ಎ ಕಲಂ ತಿಲಕರನ್ನೂ ಗಾಂಧಿಯವರನ್ನೂ ಜೈಲಿಗೆ ಕಳಿಸಿತು. 1962ರಲ್ಲಿ ಕೇದಾರನಾಥ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅದನ್ನು ಉಳಿಸಿದರೂ, ಹಿಂಸೆಗೆ ಅಥವಾ ಸಾರ್ವಜನಿಕ ಅವ್ಯವಸ್ಥೆಗೆ ಪ್ರಚೋದಿಸುವ ಮಾತಿಗೆ ಮಾತ್ರ ಎಂದು ಮಿತಿ ಹಾಕಿತು. ಠಾಣೆಯ ಮಟ್ಟದಲ್ಲಿ ಆ ಮಿತಿ ಅರುವತ್ತು ವರ್ಷ ಸರಿಯಾಗಿ ಇಳಿಯಲೇ ಇಲ್ಲ. 2022ರ ಮೇ 11ರಂದು ಆ ಕಲಂಗೆ ತಡೆ ಬಿದ್ದ ಪ್ರಕರಣಕ್ಕೆ ಹೆಸರು ಕೊಟ್ಟ ಅರ್ಜಿದಾರರು ಮೈಸೂರಿನ ನಿವೃತ್ತ ಮೇಜರ್ ಜನರಲ್ ಎಸ್.ಜಿ. ವೊಂಬತ್ಕೆರೆ. ಸೇನೆಯಲ್ಲಿ ದುಡಿದವರೇ ದೇಶದ್ರೋಹದ ಕಾನೂನು ಬೇಡ ಅಂದದ್ದು ಕೆಲವರಿಗೆ ನುಂಗಲಾರದ ತುತ್ತಾಗಿತ್ತು. ಹೊಸ ನ್ಯಾಯ ಸಂಹಿತೆಯಲ್ಲಿ ‘ರಾಜದ್ರೋಹ’ ಎಂಬ ಪದ ಹೋಯಿತು, 152ನೇ ಕಲಂ ಬಂತು. ಹಳೆಯದರಲ್ಲಿ ಜೀವಾವಧಿ ಇಲ್ಲವೇ ಮೂರು ವರ್ಷದವರೆಗೆ. ಹೊಸದರಲ್ಲಿ ಜೀವಾವಧಿ ಇಲ್ಲವೇ ಏಳು ವರ್ಷದವರೆಗೆ. ಹೆಸರು ಅಳಿಸಿ ಶಿಕ್ಷೆ ಏರಿಸಿದ್ದಕ್ಕೆ ಸುಧಾರಣೆ ಎಂದು ಹೇಗೆ ಹೇಳುವುದು?

ಮಾತಿನ ಅಪರಾಧಗಳಲ್ಲಿ ಈಗ ಕೈಗೆ ಸಿಕ್ಕಿರುವ ಒಳ್ಳೆಯ ಆಯುಧವೆಂದರೆ 2025ರ ಮಾರ್ಚ್ 28ರ ಇಮ್ರಾನ್ ಪ್ರತಾಪ್‌ಗಢಿ ತೀರ್ಪು. ಮೂರು ವರ್ಷದಿಂದ ಏಳು ವರ್ಷದೊಳಗಿನ ಶಿಕ್ಷೆಯ ಇಂಥ ಆರೋಪ ಬಂದಾಗ, ಎಫ್‌ಐಆರ್‌ಗೆ ಮುಂಚೆ ಸುರಕ್ಷಾ ಸಂಹಿತೆಯ 173ನೇ ಕಲಂ ಪ್ರಕಾರ 14 ದಿನದೊಳಗೆ ಪ್ರಾಥಮಿಕ ವಿಚಾರಣೆ ಮಾಡುವುದು ಯುಕ್ತ; ಮಾತನ್ನು ಅಳೆಯಬೇಕಾದದ್ದು ಗಟ್ಟಿ ಮನಸ್ಸಿನವರ ಅಳತೆಗೋಲಿನಿಂದ, ಮಾತೆತ್ತಿದರೆ ನೊಂದುಕೊಳ್ಳುವವರ ಅಳತೆಗೋಲಿನಿಂದಲ್ಲ ಎಂದು ಅದು ಹೇಳಿತು. ಆದರೆ ಕೋರ್ಟ್ ಹೊಡೆದುಹಾಕಿದ ಕಲಂ ಕೂಡ ಠಾಣೆಯಲ್ಲಿ ಬದುಕಿರುತ್ತದೆ. ಐಟಿ ಕಾಯಿದೆಯ 66ಎ ಕಲಂ 2015ರ ಮಾರ್ಚ್ 24ರಂದೇ ರದ್ದಾಯಿತು. ಅದರಡಿ ಕೇಸು ಬೀಳುವುದು ವರ್ಷಗಟ್ಟಲೆ ನಿಲ್ಲಲಿಲ್ಲ. ಫೋನು ವಶಪಡಿಸಿಕೊಂಡರೆ ಮಹಜರಿನಲ್ಲಿ ಐಎಂಇಐ ನಂಬರು ಮತ್ತು ಹ್ಯಾಶ್ ವ್ಯಾಲ್ಯೂ ಬರೆಸಿ. ಹ್ಯಾಶ್ ಎಂದರೆ ಆ ಹೊತ್ತಿನಲ್ಲಿ ಒಳಗಿದ್ದ ದತ್ತಾಂಶದ ಬೆರಳಚ್ಚು. ಆಮೇಲೆ ಒಂದಕ್ಷರ ಸೇರಿದರೂ ಅದು ಬದಲಾಗುತ್ತದೆ.

ಸಿವಿಲ್ ಕೋರ್ಟಿನ ದಾರಿ ಇನ್ನೂ ನಯ. ಸ್ಥಳೀಯ ಪತ್ರಿಕೆಯ ಮೇಲೆ ಮಾನನಷ್ಟದ ದಾವೆ, ಜೊತೆಗೆ ಏಕಪಕ್ಷೀಯ ತಡೆಯಾಜ್ಞೆ. ನೀವು ಬರೆದದ್ದು ಸುಳ್ಳೆಂದು ಯಾರೂ ತೀರ್ಮಾನಿಸಿರುವುದಿಲ್ಲ, ನಿಮ್ಮನ್ನು ಕೇಳಿಯೂ ಇರುವುದಿಲ್ಲ, ಬಾಯಿ ಮಾತ್ರ ಮುಚ್ಚಿರುತ್ತದೆ. ದಾವೆಯ ಸುಳಿವು ಸಿಕ್ಕ ಕೂಡಲೇ ಸಿವಿಲ್ ಪ್ರಕ್ರಿಯಾ ಸಂಹಿತೆಯ 148ಎ ಪ್ರಕಾರ ಕೇವಿಯಟ್ ಹಾಕಿ, ಅಂದರೆ ನಮ್ಮನ್ನು ಕೇಳದೆ ಆಜ್ಞೆ ಕೊಡಬೇಡಿ ಎಂಬ ಮುನ್ನರ್ಜಿ. ಅದಕ್ಕೆ 90 ದಿನದ ಜೀವ, ಆಮೇಲೆ ಹೊಸದಾಗಿ ಹಾಕಬೇಕು. ಏಕಪಕ್ಷೀಯ ಆಜ್ಞೆ ಆಗಲೇ ಬಂದಿದ್ದರೆ, 30 ದಿನದೊಳಗೆ ಆ ಅರ್ಜಿ ಇತ್ಯರ್ಥ ಮಾಡಲು ಕೋರ್ಟ್ ಯತ್ನಿಸಬೇಕೆಂಬ ನಿಯಮವನ್ನು ಮುಂದಿಡಿ. 2024ರ ಮಾರ್ಚ್‌ನಲ್ಲಿ ಬ್ಲೂಮ್‌ಬರ್ಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ವಿಚಾರಣೆಗೆ ಮುಂಚೆ ಬರಹ ತಡೆಯುವುದು ತೀರ ಅಪರೂಪವಾಗಿರಬೇಕು ಎಂದದ್ದನ್ನೂ.

ಇಷ್ಟು ಹೊತ್ತು ಸರ್ಕಾರದ ಮಾತಾಯಿತು. ಊರಿನ ಮಾತಾಡದೆ ಹೋದರೆ ಅಪ್ರಾಮಾಣಿಕತೆ. ಸರ್ಕಾರದ ಆಜ್ಞೆಗೆ ಎರಡು ತಿಂಗಳ ಗಡುವಾದರೂ ಇದೆ, ಬಹಿಷ್ಕಾರಕ್ಕೆ ಇಲ್ಲ.

ನಮ್ಮ ಕಡೆ ಬಹಿಷ್ಕಾರ ಹಾಕುವುದನ್ನು ಹತ್ತಿರದಿಂದ ನೋಡಿ. ಅದಕ್ಕೆ ಕಾಗದವೇ ಇರುವುದಿಲ್ಲ. ಮೊದಲ ಗುರುತು ಹಬ್ಬದ ವಂತಿಗೆ. ಮಾರಿಹಬ್ಬಕ್ಕೆ ಮನೆಮನೆ ವಸೂಲಿ ಮಾಡುವವರು ಒಂದು ಮನೆ ಬಿಟ್ಟು ಮುಂದೆ ಹೋಗುತ್ತಾರೆ. ದುಡ್ಡು ಕೊಡಲು ಹೋದರೂ ಕೈ ಚಾಚುವುದಿಲ್ಲ. ಅಲ್ಲಿಗೆ ಆ ಮನೆ ಊರಿನ ಲೆಕ್ಕದಿಂದ ಹೊರಗೆ. ಮಾತಾಡಿಸಿದವರಿಗೆ ಇಷ್ಟು ದಂಡ ಎಂದು ಬಾಯಿಂದ ಬಾಯಿಗೆ ಹೋಗುತ್ತದೆ. ಅಂಗಡಿಯವನು ‘ಸಾಮಾನು ಖಾಲಿ’ ಅನ್ನುತ್ತಾನೆ, ಗದ್ದೆಗೆ ನೀರು ಬರುವ ಸರದಿ ತಪ್ಪುತ್ತದೆ, ನೀರುಗಂಟಿಯನ್ನು ಕೇಳಿದರೆ ನೆಲ ನೋಡುತ್ತಾನೆ. ಕ್ಷೌರ ಇಲ್ಲ, ನಾಟಿಗೆ ಆಳಿಲ್ಲ. ಕೊನೆಗೆ ಒಂದು ದಿನ ದೇವಸ್ಥಾನದ ಮುಂದೆ ನಿಲ್ಲಿಸಿ ತಪ್ಪು ಕಾಣಿಕೆ ಕಟ್ಟಿಸಿಕೊಂಡು ‘ಸೇರಿಸಿಕೊಳ್ಳುತ್ತಾರೆ’. ಗ್ರಾಮಸಭೆಯಲ್ಲಿ ಲೆಕ್ಕ ಕೇಳಿದ್ದು, ಜಾತಿ ಮೀರಿ ಮದುವೆಯಾದದ್ದು, ಕೋರ್ಟಿನಲ್ಲಿ ಸಾಕ್ಷಿ ಹೇಳಿದ್ದು, ಯಾವುದೂ ತಪ್ಪಾಗಬಹುದು.

ದೂರು ಕೊಟ್ಟಾಗ ಎಲ್ಲಿ ಸೋಲುತ್ತದೆ? ‘ಬಹಿಷ್ಕಾರ ಹಾಕಿದ್ದಾರೆ’ ಎಂದು ಒಂದೇ ವಾಕ್ಯ ಬರೆದಾಗ. ತನಿಖಾಧಿಕಾರಿ ಊರಿಗೆ ಬಂದರೆ ಎಲ್ಲರೂ ‘ಹಂಗೇನಿಲ್ಲ ಸಾರ್, ನಾವೆಲ್ಲ ಒಂದೇ’ ಅನ್ನುತ್ತಾರೆ, ಬಿ ರಿಪೋರ್ಟ್ ಬೀಳುತ್ತದೆ, ಅಂದರೆ ಪುರಾವೆ ಇಲ್ಲವೆಂದು ಪೊಲೀಸರು ಕೇಸು ಮುಚ್ಚುತ್ತಾರೆ. ದಿನಚರಿ ಬೇಕು: ಯಾವ ದಿನ, ಎಷ್ಟು ಹೊತ್ತಿಗೆ, ಯಾವ ಅಂಗಡಿ, ಏನು ಕೇಳಿದ್ದು, ಏನಂದರು, ಪಕ್ಕದಲ್ಲಿ ಯಾರಿದ್ದರು. ಡೇರಿಯ ಪಾಸ್‌ಬುಕ್ಕಿನಲ್ಲಿ ಹಾಲು ಹಾಕುತ್ತಿದ್ದ ದಾಖಲೆ ಯಾವ ದಿನಕ್ಕೆ ನಿಂತಿತು ಅನ್ನುವುದು ಹತ್ತು ಸಾಕ್ಷಿಗೆ ಸಮ. ನೊಂದವರು ಪರಿಶಿಷ್ಟ ಜಾತಿ, ಪಂಗಡದವರಾಗಿದ್ದು ಹೇರಿದವರು ಆ ಸಮುದಾಯಗಳ ಹೊರಗಿನವರಾಗಿದ್ದರೆ, 2016ರ ಜನವರಿ 26ರಿಂದ ಜಾರಿಯಲ್ಲಿರುವ ದೌರ್ಜನ್ಯ ತಡೆ ಕಾಯಿದೆಯ ತಿದ್ದುಪಡಿಯಂತೆ ಸಾಮಾಜಿಕ, ಆರ್ಥಿಕ ಬಹಿಷ್ಕಾರ ಹಾಕುವುದೂ ಹಾಕುತ್ತೇವೆಂದು ಬೆದರಿಸುವುದೂ ದೌರ್ಜನ್ಯವೇ; ಆರು ತಿಂಗಳಿಂದ ಐದು ವರ್ಷ ಶಿಕ್ಷೆ. ತನಿಖೆ ಮಾಡಬೇಕಾದವರು ಡಿವೈಎಸ್‌ಪಿ ದರ್ಜೆಗೆ ಕಡಿಮೆಯಿಲ್ಲದವರು. ಮಹಾರಾಷ್ಟ್ರವಂತೂ ಜಾತಿ ಯಾವುದೇ ಇರಲಿ, ಬಹಿಷ್ಕಾರ ಹಾಕುವುದನ್ನೇ ಅಪರಾಧ ಮಾಡುವ ಪ್ರತ್ಯೇಕ ಕಾಯಿದೆಯನ್ನು 2016ರಲ್ಲೇ ಮಾಡಿಕೊಂಡಿತು.

ಸರ್ಕಾರ ಮತ್ತು ಸಮಾಜದ ಕೈ ಒಂದಾಗುವ ಜಾಗಕ್ಕೆ ‘ಶಾಂತಿ ಸಭೆ’ ಎಂದು ಹೆಸರು. 2015ರ ಜನವರಿಯಲ್ಲಿ ತಮಿಳುನಾಡಿನ ನಾಮಕ್ಕಲ್‌ನಲ್ಲಿ ಲೇಖಕ ಪೆರುಮಾಳ್ ಮುರುಗನ್ ಅವರನ್ನು ಕೂರಿಸಿ ಬೇಷರತ್ ಕ್ಷಮೆ ಬರೆಸಿಕೊಂಡದ್ದು ಅಂಥ ಸಭೆಯಲ್ಲೇ. ಗದ್ದಲ ಮಾಡುವವರನ್ನು ತಡೆಯುವ ಬದಲು, ಬರೆದವರನ್ನು ಸುಮ್ಮನಾಗಿಸುವುದು ಅಧಿಕಾರಿಗೆ ಸುಲಭ. ಆ ಒಪ್ಪಂದಕ್ಕೆ ಕಾನೂನಿನ ಬಲವಿಲ್ಲ ಎಂದು 2016ರ ಜುಲೈನಲ್ಲಿ ಮದ್ರಾಸ್ ಹೈಕೋರ್ಟ್ ಹೇಳಿತು. ಅಂಥ ಸಭೆಗೆ ಕರೆ ಬಂದರೆ ಒಬ್ಬರೇ ಹೋಗಬೇಡಿ, ವಕೀಲರನ್ನು ಕರೆದೊಯ್ಯಿರಿ, ಅಲ್ಲೇ ಸಹಿ ಹಾಕಬೇಡಿ; ‘ನಾಳೆ ಓದಿ ಹೇಳುತ್ತೇವೆ’ ಎನ್ನುವ ಹಕ್ಕು ಎಲ್ಲರಿಗೂ ಇದೆ.

ವಿದ್ಯಾವಂತರೂ ಹಿಂದೆ ಬಿದ್ದಿಲ್ಲ. 2020ರ ಜನವರಿಯಲ್ಲಿ ಮಾನಸಗಂಗೋತ್ರಿಯ ಪ್ರತಿಭಟನೆಯೊಂದರಲ್ಲಿ ‘ಫ್ರೀ ಕಾಶ್ಮೀರ್’ ಎಂಬ ಫಲಕ ಹಿಡಿದ ಯುವತಿಯ ಮೇಲೆ ದೇಶದ್ರೋಹದ ಕೇಸು ಬಿತ್ತು. ಆಕೆಯ ಪರ ಯಾರೂ ವಕಾಲತ್ತು ಹಾಕಬಾರದು ಎಂದು ಮೈಸೂರಿನ ವಕೀಲರ ಸಂಘ ನಿರ್ಣಯ ಮಾಡಿತು. ಇಂಥ ನಿರ್ಣಯಗಳು ಶೂನ್ಯ ಎಂದು 2010ರ ಡಿಸೆಂಬರ್‌ನಲ್ಲೇ ಎ.ಎಸ್. ಮಹಮ್ಮದ್ ರಫಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಾಗಿತ್ತು. ನಿರ್ಣಯವನ್ನು ಲೆಕ್ಕಿಸದ ವಕೀಲರು ಹೊರಗಿನಿಂದ ಬಂದು ವಾದಿಸಿದರು, ನಿರೀಕ್ಷಣಾ ಜಾಮೀನು ಸಿಕ್ಕಿತು. ವಂತಿಗೆ ತೆಗೆದುಕೊಳ್ಳದ ಊರಿಗೂ ವಕಾಲತ್ತು ತೆಗೆದುಕೊಳ್ಳದ ಸಂಘಕ್ಕೂ ಏನು ಅಂತರ?

ಕೊನೆಗೆ, ನಮ್ಮವರೇ ನಮ್ಮ ಬಾಯಿ ಮುಚ್ಚುವ ವಿಷಯ. 1936ರಲ್ಲಿ ಲಾಹೋರಿನ ಜಾತ್ ಪಾತ್ ತೋಡಕ್ ಮಂಡಲ ಎಂಬ ಸುಧಾರಕರ ಸಂಘ ಅಂಬೇಡ್ಕರರನ್ನು ಅಧ್ಯಕ್ಷ ಭಾಷಣಕ್ಕೆ ಕರೆಯಿತು. ಭಾಷಣದ ಕರಡು ಓದಿ ಹೆದರಿತು, ಕೆಲವು ಭಾಗ ತೆಗೆಯಿರಿ ಎಂದಿತು. ಒಂದು ಅಲ್ಪವಿರಾಮವನ್ನೂ ಬದಲಿಸುವುದಿಲ್ಲ ಎಂದು ಅವರು ಬರೆದರು, ಸಮ್ಮೇಳನ ರದ್ದಾಯಿತು. ಸ್ವಂತ ಖರ್ಚಿನಲ್ಲಿ 1,500 ಪ್ರತಿ ಅಚ್ಚುಹಾಕಿಸಿದರು. ಅಲ್ಲಿ ನಿಷೇಧಾಜ್ಞೆ ಇರಲಿಲ್ಲ, ಪೊಲೀಸರಿರಲಿಲ್ಲ, ಇದ್ದವರು ಸ್ನೇಹಿತರು.

ಉಪನ್ಯಾಸದ ನಂತರ ಬಂದ ಪ್ರಶ್ನೆಗಳಲ್ಲಿ ಒಂದನ್ನು ಇಲ್ಲಿ ಸೇರಿಸುವುದು ಉಪಯುಕ್ತ. ಹಿಂದಿನ ಸಾಲಿನಲ್ಲಿದ್ದ ರೈತರೊಬ್ಬರು ಎದ್ದು ಕೇಳಿದರು: “ಸಾ, ಇಂಬರಹ ಕೊಡಿ ಅಂದ್ರೆ ಟೇಸನ್ನಲ್ಲಿ ಅರ್ಜೀನೇ ಈಸ್ಕಳದಿಲ್ಲ ಅಂತಾರೆ. ಆಗೇನ್ ಮಾಡದು?”

ಉತ್ತರ: ಜಗಳಕ್ಕೆ ನಿಲ್ಲದೆ ಹೊರಗೆ ಬನ್ನಿ. ಅದೇ ಅರ್ಜಿಯ ಮೇಲೆ ‘ಈ ದಿನ ಇಷ್ಟು ಗಂಟೆಗೆ ಠಾಣೆಯಲ್ಲಿ ಸ್ವೀಕರಿಸಲು ನಿರಾಕರಿಸಿದ್ದರಿಂದ ಅಂಚೆಯಲ್ಲಿ ಕಳುಹಿಸಲಾಗಿದೆ’ ಎಂದು ಒಂದು ಸಾಲು ಸೇರಿಸಿ. ಅಂಚೆ ಕಚೇರಿಗೆ ಹೋಗಿ ಠಾಣಾಧಿಕಾರಿಗೆ ಒಂದು, ಎಸ್‌ಪಿಗೆ ಒಂದು, ಎ.ಸಿ.ಗೆ ಒಂದು ಸ್ಪೀಡ್ ಪೋಸ್ಟ್ ಮಾಡಿ. ಮೂರು ರಸೀದಿಗಳ ಫೋಟೊ ಅವತ್ತೇ ತೆಗೆದಿಡಿ. ಆ ಕಾಗದದ ಮೇಲಿನ ಶಾಯಿ ಎರಡು ವರ್ಷದಲ್ಲಿ ಮಾಸಿಹೋಗುತ್ತದೆ, ಕೇಸು ಅಷ್ಟರಲ್ಲಿ ಮುಗಿದಿರುವುದಿಲ್ಲ.